ಅರವತ್ತನಾಲ್ಕನೆಯ ಪುಟ

ಬೀಳ್ಕೊಡುಗೆಯ ದಿನ ನನ್ನ ಹೆಗಲಿಗೆ ಶಾಲು ಹೊದಿಸುತ್ತಿದ್ದಾಗ, ನಮ್ಮ ಗೂಡ್ಸ್ ಆಟೋದ ಚಾಲಕರಾದ ಮುನಿವೆಂಕಟಪ್ಪನವರು ಬಾಗಿಲ ಹತ್ತಿರ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು: "ಏಮ್ಮಾ ಮೇಡಮ್ಮಾ, ನನ್ಗಿಂತ ಮೊದ್ಲು ನೀವೇ ರಿಟೈರಾಗ್ಬಿಟ್ರಲ್ಲ! ನಂಗೆ ಅರವತ್ಮೂರು. ನಿಮ್ಗೆ?"

ಎಲ್ಲರೂ ನಕ್ಕರು. ನನಗೆ ಮೂವತ್ತೆರಡು. ಏಳು ವರ್ಷಕ್ಕೆಂದು ಒಪ್ಪಿಕೊಂಡ ಕೆಲಸ ಏಳು ವರ್ಷಕ್ಕೆ ಮುಗಿಯಿತು, ಅಷ್ಟೇ. ಆದರೆ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಬಂದ ಮೇಲೆ ಅದನ್ನು ನಿವೃತ್ತಿ ಎನ್ನದೆ ಬೇರೆ ದಾರಿಯಿಲ್ಲ. ನಿವೃತ್ತರು ಅನುಭವ ಬರೆಯುವುದು ವಾಡಿಕೆ. ನನ್ನ ಜಾಗಕ್ಕೆ ಬರುವವರು ಯಾರೆಂದು ಇನ್ನೂ ಗೊತ್ತಿಲ್ಲ. ಅವರು ಓದಲಿ ಎಂದು ಇದನ್ನು ಬರೆದಿಡುತ್ತಿದ್ದೇನೆ. ಕಾಗದದ ಮೇಲಿದ್ದ ಕೆಲಸದ ವಿವರ ಅವರಿಗೆ ಹೇಗೂ ಸಿಗುತ್ತದೆ. ನಾನು ಬರೆಯಬೇಕಾದದ್ದು, ಒಂದು ಪುಸ್ತಕದ ಮೇಲೆ ನಾನು ಬರೆದ ಒಂದೇ ಒಂದು ಪದದಿಂದ ವಕ್ಕಲೇರಿಯ ಒಬ್ಬ ಹೆಂಗಸಿನ ಓದು ಒಂದು ವರ್ಷ ನಿಂತು ಹೋದದ್ದು ಮತ್ತು ಅದನ್ನು ಸರಿಪಡಿಸಲು ನಾನು ಪಟ್ಟ ಪಾಡು.

ಕೆಲಸ ಇದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಊರುಗಳಿಗೆ ವಿಜ್ಞಾನ, ಗಣಿತ, ತತ್ವಶಾಸ್ತ್ರದ ಪುಸ್ತಕಗಳನ್ನು ಒಯ್ಯುವುದು. ಪಠ್ಯಪುಸ್ತಕಗಳಲ್ಲ, ಸಾಮಾನ್ಯರು ಕುತೂಹಲಕ್ಕಾಗಿ ಓದುವಂಥವು. "ಯಾವುದು ಓದ್ಲಿ?" ಎಂದು ಕೇಳಿದವರಿಗೆ ಒಂದನ್ನು ಆರಿಸಿ ಕೊಡುವುದು. ಎರಡು ವಾರದ ನಂತರ ಮತ್ತೆ ಅದೇ ಊರಿಗೆ ಹೋಗಿ ವಾಪಸ್ ತೆಗೆದುಕೊಳ್ಳುವುದು. ನಾವು ಗ್ರಂಥಾಲಯ ತೆರೆಯಲಿಲ್ಲ. ಜನ ಹೇಗೂ ಕಾಯುತ್ತ ನಿಲ್ಲುವ ಕಡೆ ಪುಸ್ತಕ ಇಟ್ಟೆವು: ಹಾಲಿನ ಡೇರಿ, ಪಂಚಾಯಿತಿ ಕಟ್ಟೆ, ಒಂದು ಊರಿನಲ್ಲಿ ರಾಗಿ ಗಿರಣಿ.

ಪುಸ್ತಕ ತುಂಬಲು ಮೊದಲು ಮರದ ಪೆಟ್ಟಿಗೆಗಳಿದ್ದವು. ಅವು ಭಾರವೆಂದು ಮುನಿವೆಂಕಟಪ್ಪನವರು ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟು ತಂದರು. ಗಾಳಿಯಾಡುತ್ತದೆ, ಒಂದರ ಮೇಲೊಂದು ಕೂರುತ್ತದೆ, ಹಿಡಿಯಲು ಕಿವಿಯಿದೆ. ನನಗೂ ಒಳ್ಳೆಯದೆನಿಸಿತು. ಆದರೆ ಅವರು ಬೆಳಗಿನ ಹೊತ್ತು ಅದೇ ಆಟೋದಲ್ಲಿ ಟೊಮೆಟೊ ಸಾಗಿಸುತ್ತಿದ್ದರು ಎಂಬುದನ್ನು ನಾನು ಯೋಚಿಸಿರಲಿಲ್ಲ. ಒಂದು ದಿನ ಬೆಳಗ್ಗೆ ತತ್ವಶಾಸ್ತ್ರದ ಕ್ರೇಟು, ಮೇಲೆ ಗೋಣಿಚೀಲ ಹೊದ್ದುಕೊಂಡೇ, ಕೋಲಾರದ ಮಂಡಿಯಲ್ಲಿ ಇಳಿದು ಹರಾಜಿನ ಸಾಲಿಗೆ ಸೇರಿಬಿಟ್ಟಿತು. ನಾನು ಆಟೋ ಹಿಡಿದು ಓಡಿಹೋದಾಗ ಮಂಡಿಯವರು ಗೋಣಿ ಸರಿಸಿ, ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು.

"ಇದ್ಯಾರ ಮಾಲು?"

"ನಮ್ಮದು."

"ಪರ್ವಾಗಿಲ್ಲ ಬಿಡಿ ಮೇಡಂ. ನಾಕ್ ದಿನ ಇದ್ರೂ ಕೊಳೆಯೋ ಮಾಲಲ್ಲ."

ಹಿಂತಿರುಗುವಾಗ ಕ್ರೇಟಿನಲ್ಲಿ ಒಂದು ಪುಸ್ತಕ ಕಡಿಮೆಯಿತ್ತು. ಸುಳ್ಳು ಹೇಳುವುದು ಯಾವಾಗ ಸರಿ ಎಂದು ಚರ್ಚಿಸುವ ಸಣ್ಣ ಪುಸ್ತಕ. ಎರಡು ತಿಂಗಳ ಮೇಲೆ ಮಂಡಿಯವರೇ ಅದನ್ನು ಕಳಿಸಿಕೊಟ್ಟರು, ಅರ್ಧದಷ್ಟು ಪುಟಗಳ ಅಂಚಿಗೆ ಟೊಮೆಟೊ ಕಲೆ. ಕಲೆ ಇದ್ದಷ್ಟು ಪುಟ ಅವರು ಓದಿದ್ದರು. ನಮ್ಮ ಕ್ರೇಟುಗಳಿಗೆ ಅಂದಿನಿಂದ ಬಿಳಿ ಬಣ್ಣ ಬಳಿದೆವು.

ಈಗ ನಮ್ಮ ಹಿರಿಯರ ವಿಷಯ. ಈ ಯೋಜನೆ ನಡೆಸುತ್ತಿದ್ದವರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಒಬ್ಬರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಒಳ್ಳೆಯವರು, ಶಿಸ್ತಿನವರು. ಅವರಿಗೆ ಎಲ್ಲಕ್ಕೂ ಪಟ್ಟಿ ಬೇಕು. "ಓದುಗನಿಗೆ ದಾರಿ ಕಾಣಿಸಬೇಕಮ್ಮ. ಯಾವುದು ಸುಲಭ, ಯಾವುದು ಮಧ್ಯಮ, ಯಾವುದು ಕಠಿಣ ಅಂತ ಪುಸ್ತಕದ ಮೇಲೇ ಇರಬೇಕು," ಎಂದರು. ಪ್ರತಿ ಪುಸ್ತಕದ ಒಳರಟ್ಟಿಗೆ ಒಂದು ಚೀಟಿ ಅಂಟಿಸಿ, ನನ್ನ ಕೈಬರಹದಲ್ಲಿ ಆ ಮೂರರಲ್ಲಿ ಒಂದು ಪದ ಬರೆಯಬೇಕೆಂದು ತೀರ್ಮಾನವಾಯಿತು. ಅದೇ ಪಟ್ಟಿ ಒಂದು ಪುಟ್ಟ ಹೊತ್ತಗೆಯಾಗಿ ಅಚ್ಚಾಗಿ, ಕೊನೆಯಲ್ಲಿ ನನ್ನ ಹೆಸರೂ ಬಂತು.

ನಾನು ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವಳು. ಗಣಿತ ನನ್ನನ್ನು ಹತ್ತನೆಯ ತರಗತಿಯಲ್ಲೇ ಕೈಬಿಟ್ಟಿತ್ತು. ಕೆಲಸಕ್ಕೆ ಸೇರುವಾಗ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೊತ್ತಗೆಯನ್ನು ಅಚ್ಚಿಗೆ ಕೊಡುವ ವಾರ ಹದಿನೈದು ಪುಸ್ತಕಗಳು ಬಾಕಿ ಇದ್ದವು. ಅವುಗಳಲ್ಲಿ ಒಂದು ನೀಲಿ ರಟ್ಟಿನ ಗಣಿತದ ಪುಸ್ತಕ. ಎಣಿಕೆ ಎಂದರೇನು, ಅನಂತ ಎಂದರೇನು ಎಂದು ಮಾತನಾಡುವ ಧಾಟಿಯಲ್ಲಿ ಬರೆದದ್ದು. ಚೆನ್ನಾಗಿಯೇ ಓದಿಸಿಕೊಂಡಿತು, ಅರವತ್ತನಾಲ್ಕನೆಯ ಪುಟದವರೆಗೆ. ಅಲ್ಲಿ ಲೇಖಕರು ಒಂದು ವಿಚಿತ್ರ ಮಾತು ಹೇಳಿದ್ದರು: ಎರಡು, ನಾಲ್ಕು, ಆರು ಎಂದು ಹೋಗುವ ಸರಿಸಂಖ್ಯೆಗಳು ಒಟ್ಟು ಸಂಖ್ಯೆಗಳಲ್ಲಿ ಅರ್ಧ ಎನಿಸಿದರೂ ಅರ್ಧವಲ್ಲ, ಎರಡೂ ಸರಿಸಮ. ಪುಟದ ಕೊನೆಯ ಸಾಲು, "ಇದನ್ನು ಮೂರು ಹೆಜ್ಜೆಗಳಲ್ಲಿ ತೋರಿಸೋಣ." ಎದುರು ಪುಟದ ಮೊದಲ ಸಾಲು, "ಆದ್ದರಿಂದ ಇದೀಗ ಯಾರಿಗಾದರೂ ಸ್ಪಷ್ಟ."

ನನಗೆ ಸ್ಪಷ್ಟವಾಗಲಿಲ್ಲ. ಹಿಂದಿನ ಪುಟ ಎರಡು ಸಲ ಓದಿದೆ. ಯಾರಿಗಾದರೂ ಸ್ಪಷ್ಟವಾಗುವುದು ನನಗೆ ಆಗುತ್ತಿಲ್ಲವೆಂದರೆ ಗಣಿತ ನಿನ್ನ ತಲೆಗೆ ಹತ್ತದು ಎಂದು ನನ್ನ ಹತ್ತನೆಯ ತರಗತಿಯ ಮೇಷ್ಟ್ರು ಹೇಳಿದ್ದೇ ನಿಜ ಎಂದುಕೊಂಡೆ. ಕೊನೆಯ ಅಧ್ಯಾಯದ ಮೇಲೆ ಕಣ್ಣಾಡಿಸಿ ಪುಸ್ತಕ ಮುಚ್ಚಿದೆ. ಕಠಿಣ ಎಂದು ಬರೆದಿದ್ದರೆ ಮೇಷ್ಟ್ರು, "ಯಾಕಮ್ಮ, ಇದರಲ್ಲಿ ಏನು ಕಷ್ಟ?" ಎಂದು ಕೇಳುತ್ತಿದ್ದರು. ಕೇಳಿದರೆ ನನ್ನ ಬಣ್ಣ ಬಯಲಾಗುತ್ತಿತ್ತು. ಚೀಟಿಯ ಮೇಲೆ ಬರೆದೆ: "ಸುಲಭ."

ವಕ್ಕಲೇರಿ ಕಡೆಯ ಒಂದು ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವರು ನಾಗವೇಣಿ. ನನಗಿಂತ ಒಂದೆರಡು ವರ್ಷ ದೊಡ್ಡವರಿರಬೇಕು. ಬೆಳಗ್ಗೆ, ಸಂಜೆ ಸಾಲಾಗಿ ಬರುವವರ ಹಾಲಿನಿಂದ ಚೂರು ಚೂರು ತೆಗೆದು ಲ್ಯಾಕ್ಟೋಮೀಟರ್ ಬಿಟ್ಟು ಡಿಗ್ರಿ ನೋಡುವುದು, ಜಿಡ್ಡು ಅಳೆಯುವುದು, ಬರೆದುಕೊಳ್ಳುವುದು ಅವರ ಕೆಲಸ. ಸಾಲಿನಲ್ಲಿ ಯಾರ ಮುಲಾಜೂ ಇರಲಿಲ್ಲ. "ಯಾಕ್ ತಾತಾ, ನಿಮ್ ಹಸು ಇವತ್ತು ಬೋರ್‌ವೆಲ್ ಪಕ್ಕದಲ್ಲಿ ಮಲ್ಗಿತ್ತಾ?" ಎಂದು ಕೇಳಿದರೆ ತಾತ ತಲೆ ತಗ್ಗಿಸಿ ಜಾಗ ಖಾಲಿ ಮಾಡುತ್ತಿದ್ದರು.

ಅವರು ಒಂದು ದಿನ ಸಾಲು ಕರಗಿದ ಮೇಲೆ ಕೈ ಒರೆಸಿಕೊಂಡು ನಮ್ಮ ಬಿಳಿ ಕ್ರೇಟಿನ ಹತ್ತಿರ ಬಂದರು. ಲೆಕ್ಕದ ಪುಸ್ತಕ ಇದೆಯೇ ಎಂದರು. ನಾನು ನೀಲಿ ಪುಸ್ತಕ ಕೊಟ್ಟೆ. ಒಳರಟ್ಟು ತೆರೆದು ನನ್ನ ಚೀಟಿ ಓದಿದರು.

"ಪಿಯುಸೀಲಿ ಲೆಕ್ಕಕ್ಕೆ ತೊಂಬತ್ತು ಬಂದಿತ್ತು ಮೇಡಂ ನಂಗೆ. ಆಮೇಲೆ ಮದ್ವೆ. ಹನ್ನೆರಡು ವರ್ಷ ಆಯ್ತು. ದೂರಶಿಕ್ಷಣದಲ್ಲಿ ಬಿಎಸ್ಸಿಗೆ ಅರ್ಜಿ ಕರೆದವ್ರೆ. ತಲೇಲಿ ಇನ್ನೂ ಏನಾದ್ರೂ ಉಳಿದೈತಾ ಅಂತ ಮೊದ್ಲು ನೋಡ್ಕೋಬೇಕು. ಇದು ಅರ್ಥ ಆದ್ರೆ ಅರ್ಜಿ ಹಾಕ್ತೀನಿ. ಆಗ್ಲಿಲ್ಲ ಅಂದ್ರೆ ಆ ಆಸೇನೇ ಬಿಟ್ಬಿಡ್ತೀನಿ."

"ಇದು ಸುಲಭವಾಗಿಯೇ ಇದೆ," ಎಂದೆ. ಬರೆದದ್ದು ಸಾಲದೆಂದು ಬಾಯಲ್ಲೂ ಹೇಳಿದೆ.

ಎರಡು ವಾರದ ಮೇಲೆ ಪುಸ್ತಕ ವಾಪಸ್ ಬಂತು. ಹೇಗಿತ್ತು ಎಂದು ಕೇಳಿದೆ. "ಚೆನ್ನಾಗಿತ್ತು ಮೇಡಂ," ಎಂದರು, ನನ್ನ ಮುಖ ನೋಡದೆ. ಮುಂದಿನ ಸಲ ಕ್ರೇಟಿನ ಹತ್ತಿರ ಬರಲಿಲ್ಲ. ಅದರ ಮುಂದಿನ ಸಲ ಅರ್ಜಿಯ ವಿಷಯ ಕೇಳಿದಾಗ, "ಬಿಡಿ ಮೇಡಂ, ಹಸು, ಮನೆ, ಡೇರಿ. ಯಾವಾಗ ಓದೋದು?" ಎಂದರು. ಸಮಯವಿಲ್ಲವೇನೋ ಎಂದು ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು.

ಮೊದಲ ವರ್ಷಗಳಲ್ಲಿ ನಾನು ಪುಸ್ತಕ ವಾಪಸ್ ಬಂದಾಗ ಕೇಳುತ್ತಿದ್ದ ಪ್ರಶ್ನೆ, "ಓದಿದ್ರಾ?" ಎಲ್ಲರೂ ಓದಿದೆ ಎನ್ನುತ್ತಿದ್ದರು. ಹೇಗಿತ್ತು ಎಂದರೆ ಎಲ್ಲರಿಗೂ ಚೆನ್ನಾಗಿತ್ತು. ಆ ಉತ್ತರಗಳನ್ನು ತಿಂಗಳ ವರದಿಯಲ್ಲಿ ಬರೆದು ಕೊಡುತ್ತಿದ್ದೆ. ಮೇಷ್ಟ್ರು ಸಂತೋಷಪಡುತ್ತಿದ್ದರು. ಆ ವರದಿಗಳಿಂದ ನಾನು ಕಲಿತದ್ದು ಏನೂ ಇಲ್ಲ.

ನಿಜ ಹೇಳಿದ ಮೊದಲಿಗರು ಮಾಲೂರಿನ ಹೆಂಚಿನ ಕಾರ್ಖಾನೆಯ ಒಬ್ಬ ಮೇಸ್ತ್ರಿ. ಶಾಖದ ಬಗ್ಗೆ ಪುಸ್ತಕ ಬೇಕೆಂದು ಕೇಳಿ ಒಯ್ದಿದ್ದರು. ವಾಪಸ್ ಕೊಡುತ್ತಾ, "ಮೇಡಂ, ಇದ್ರಲ್ಲಿ ಬೆಂಕೀನೇ ಇಲ್ವಲ್ಲ?" ಎಂದರು. ಹೌದು, ಅದರಲ್ಲಿ ಬರೀ ಸಮೀಕರಣಗಳಿದ್ದವು. ಕಾದ ವಸ್ತು ಮೊದಲು ಕೆಂಪಗೆ, ಆಮೇಲೆ ಹಳದಿಗೆ, ಆಮೇಲೆ ಬಿಳಿಗೆ ಯಾಕೆ ತಿರುಗುತ್ತದೆ ಎಂಬ ಅಧ್ಯಾಯವಿದ್ದ ಬೇರೆ ಪುಸ್ತಕ ಹುಡುಕಿ ಕೊಟ್ಟೆ. ಅದನ್ನು ಒಂದು ತಿಂಗಳು ಇಟ್ಟುಕೊಂಡರು. "ಬಣ್ಣ ನೋಡಿ ಗೂಡು ಎಷ್ಟು ಕಾದಿದೆ ಅಂತ ಮೂವತ್ ವರ್ಷದಿಂದ ಹೇಳ್ತಾ ಇದೀನಿ. ಯಾಕೆ ಅಂತ ಈಗ ಗೊತ್ತಾಯ್ತು ನೋಡಿ," ಎಂದರು. ಅಲ್ಲಿಂದ ಒಂದು ರೂಢಿ ಮಾಡಿಕೊಂಡೆ. ಯಾರಾದರೂ ಬಂದರೆ ಪುಸ್ತಕದ ಮಾತಿಗಿಂತ ಮೊದಲು ಅವರ ಕೆಲಸ ಕೇಳುವುದು. ಕೈಗೆ ಗೊತ್ತಿರುವುದಕ್ಕೆ ಕಾರಣ ಹೇಳುವ ಪುಸ್ತಕವನ್ನು ಮೊದಲು ಕೊಡುವುದು. ಗ್ರಹಣದ ವಾರ ಆಕಾಶದ ಪುಸ್ತಕಗಳನ್ನು ಕ್ರೇಟಿನ ಮೇಲೆ ಇಡುವುದು. ತತ್ವಶಾಸ್ತ್ರದ ಪುಸ್ತಕ ಕೊಡುವಾಗ ಅದು ತತ್ವಶಾಸ್ತ್ರ ಎಂದು ಹೇಳದೇ ಇರುವುದು. ಅದರ ಮೊದಲ ಪ್ರಶ್ನೆಯನ್ನು ಮಾತ್ರ ಹೇಳಿ ಸುಮ್ಮನಾದರೆ ಜನ ತಾವೇ ಕೈ ಚಾಚುತ್ತಾರೆ.

ಎರಡನೆಯವರು ಯಲ್ದೂರಿನ ರೆಡ್ಡಿಯವರು. ಮಾವಿನ ತೋಟದವರು, ಎಪ್ಪತ್ತು ದಾಟಿದವರು. ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದರು. ಮನಸ್ಸು ಮತ್ತು ದೇಹದ ಸಂಬಂಧದ ಬಗ್ಗೆ ಒಂದು ದಪ್ಪ ಪುಸ್ತಕ ಕೊಟ್ಟಿದ್ದೆ. ವಾಪಸ್ ಕೊಡುವಾಗ ಅದರೊಳಗೆ ಒಂದು ಒಣಗಿದ ಮಾವಿನೆಲೆ ಇತ್ತು.

"ಓದಿದ್ರಾ?" ಎಂದೆ.

"ಏಮ್ಮಾ, ಅದೇನ್ ಪ್ರಶ್ನೆ? ಊಟಕ್ಕೆ ಕೂತವ್ನನ್ನ ಹಂಡೆ ಖಾಲಿ ಮಾಡ್ದಾ ಅಂತ ಕೇಳ್ತಾರಾ? ಎಲ್ಲಿ ನಿಂತೆ ಅಂತ ಕೇಳು. ಇಗೋ, ಎಲೆ ಇರೋ ಕಡೆ ನಿಂತೆ. ಅಲ್ಲಿಗಂಟ ನನ್ ಜೊತೆ ನಡ್ಕೊಂಡ್ ಬರ್ತಿದ್ದ ಮಹಾನುಭಾವ ಅಲ್ಲಿಂದ ಒಬ್ನೇ ಓಡ್ಬಿಟ್ಟ."

ಎಲೆಯಿದ್ದ ಪುಟ ತೆರೆದೆ. ಅವರು ಹೇಳಿದ್ದು ನಿಜ. ಅಲ್ಲಿಂದ ಲೇಖಕರು ವಿದ್ವಾಂಸರೊಡನೆ ಮಾತನಾಡಲು ಶುರುಮಾಡಿದ್ದರು. ಮೂರು ಅಧ್ಯಾಯ ಬಿಟ್ಟು ಮುಂದೆ ಓದಿ ಎಂದು ತೋರಿಸಿ ಕೊಟ್ಟೆ. ಮುಂದಿನ ಸಲ ಎಲೆ ಕೊನೆಯ ಪುಟದಲ್ಲಿತ್ತು.

ಆ ವಾರವೇ ಎಲ್ಲ ಪುಸ್ತಕಗಳ ಹಿಂಬದಿಗೆ ಇನ್ನೊಂದು ಚೀಟಿ ಅಂಟಿಸಿದೆ. ಮೇಲೆ ಎರಡೇ ಪದ: "ನಿಂತ ಪುಟ." ಹೆಸರು ಬೇಡ, ಊರು ಬೇಡ, ಅಭಿಪ್ರಾಯ ಬೇಡ, ಅಂಕಿ ಸಾಕು. ನಾಲ್ಕು ತಾಲ್ಲೂಕಿನಲ್ಲೂ ಜನ ಇದನ್ನು ಒಪ್ಪಿಕೊಂಡ ರೀತಿ ನೋಡಿ ನನಗೆ ಆಶ್ಚರ್ಯವಾಯಿತು. ಚೆನ್ನಾಗಿತ್ತು ಎಂದು ಸುಳ್ಳು ಹೇಳುವ ಕಷ್ಟ ಅವರಿಗೂ ತಪ್ಪಿತೇನೋ. ನನ್ನ ಏಳು ವರ್ಷಗಳಲ್ಲಿ ಉಪಯೋಗಕ್ಕೆ ಬಂದ ಕೆಲಸ ಯಾವುದು ಎಂದು ಕೇಳಿದರೆ ಈ ಚೀಟಿಯನ್ನೇ ತೋರಿಸುತ್ತೇನೆ. ಆರು ಜನ ಆರು ಕಡೆ ನಿಂತ ಪುಸ್ತಕದಲ್ಲಿ ದೋಷವಿಲ್ಲ, ಓದುಗರಿಗೆ ಹೊತ್ತಾಗಿದೆ ಅಷ್ಟೆ. ಆರು ಜನ ಮುನ್ನುಡಿಯಲ್ಲೇ ನಿಂತರೆ, ಮುನ್ನುಡಿ ಬಿಟ್ಟು ಓದಿ ಎಂದು ಹೇಳಿ ಕೊಡಬೇಕು.

ಮಳೆಗಾಲ ಮುಗಿಯುವ ಹೊತ್ತಿಗೆ ಬೇರೆ ಬೇರೆ ಊರುಗಳಿಂದ ನೀಲಿ ಪುಸ್ತಕದ ಪ್ರತಿಗಳು ಬಂದವು. ಮುಳಬಾಗಿಲಿನ ಪ್ರತಿಯ ಚೀಟಿಯಲ್ಲಿ 64, ಅದರ ಕೆಳಗೆ ಬೇರೆ ಕೈಯಲ್ಲಿ ಮತ್ತೆ 64. ಶ್ರೀನಿವಾಸಪುರದ್ದರಲ್ಲಿ 64. ಕೆಳಗೆ ಯಾರೋ "ಕ್ಷಮಿಸಿ" ಎಂದು ಬರೆದಿದ್ದರು.

ಆ ಪದವನ್ನು ನಾನು ಬಹಳ ಹೊತ್ತು ನೋಡಿದೆ. ನನ್ನ ಪುಟವೂ ಅದೇ. ಅಂದರೆ ಪುಸ್ತಕ ಅಲ್ಲಿಂದ ಕಠಿಣ. ಓದಿದವರೆಲ್ಲ ಅಲ್ಲಿ ನಿಂತು, ಒಳರಟ್ಟಿಗೆ ತಿರುಗಿ, "ಸುಲಭ" ಎಂಬ ನನ್ನ ಅಕ್ಷರ ನೋಡಿ ತಪ್ಪು ತಮ್ಮದೆಂದುಕೊಂಡಿದ್ದಾರೆ. ಒಬ್ಬರಂತೂ ಕ್ಷಮೆ ಕೇಳಿದ್ದಾರೆ, ಆ ಪುಸ್ತಕವನ್ನು ಪೂರ್ತಿ ಓದದವಳ ಹತ್ತಿರ. ವಕ್ಕಲೇರಿಯವರು ಏನಂದುಕೊಂಡಿರಬಹುದು ಎಂಬುದನ್ನು ಊಹಿಸಬೇಕಾಗಿರಲಿಲ್ಲ. ಅರ್ಥವಾಗದಿದ್ದರೆ ಆಸೆಯನ್ನೇ ಬಿಡುತ್ತೇನೆಂದು ಅವರು ಬಾಯಿಬಿಟ್ಟು ಹೇಳಿದ್ದರು. ಒಂದು ವರ್ಷ ಕಳೆದಿತ್ತು. ಮತ್ತೆ ಅರ್ಜಿ ಕರೆದಿದ್ದರು. ಆ ಶನಿವಾರ ಕೊನೆಯ ದಿನ. ನಮ್ಮ ಸರದಿ ವಕ್ಕಲೇರಿಗೆ ಬರುವುದು ಗುರುವಾರ.

ಗುರುವಾರ ದಾರಿಯಲ್ಲಿ ನಾನು ಮಾತಾಡಲಿಲ್ಲ. ನಾನು ಸಾಮಾನ್ಯವಾಗಿ ಮಾತಾಡುವವಳಲ್ಲವಾದರೂ ಮುನಿವೆಂಕಟಪ್ಪನವರಿಗೆ ವ್ಯತ್ಯಾಸ ತಿಳಿಯಿತು.

"ಏನ್ ಮೇಡಮ್ಮಾ, ಮುಖ ಬಾಡಿ ಹೋಗೈತೆ? ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲ ಅಣ್ಣ. ಒಬ್ಬರಿಗೆ ಸುಳ್ಳು ಹೇಳಿದ್ದೆ. ಇವತ್ತು ಹೋಗಿ ನಿಜ ಹೇಳಬೇಕು."

"ಸುಳ್ ಯಾವಾಗ ಹೇಳಿದ್ದು?"

"ಹೋದ ವರ್ಷ."

"ಪೋನೀ ಬಿಡಿ. ವರ್ಷ ಹಳೇದಾದ್ರೆ ಮೆತ್ತಗಾಗಿರುತ್ತೆ." ಸ್ವಲ್ಪ ದೂರ ಹೋದ ಮೇಲೆ ತಾವೇ, "ಇಲ್ಲ, ಇನ್ನೂ ಗಟ್ಟಿಯಾಗಿರುತ್ತೆ. ಬೇಗ ಹೇಳ್ಬಿಡಿ," ಎಂದರು.

ಡೇರಿಯಲ್ಲಿ ಸಂಜೆಯ ಸಾಲು ಇನ್ನೂ ಇತ್ತು. ಸಾಲು ಮುಗಿಯಲಿ ಎಂದು ಕಾಯಬೇಕೆಂದುಕೊಂಡೆ. ಕಾದರೆ ಧೈರ್ಯ ಹೋಗುತ್ತದೆ ಎನಿಸಿ ನೇರ ಅವರ ಮೇಜಿನ ಹತ್ತಿರ ಹೋದೆ.

"ನಾಗವೇಣಿಯವರೇ, ಹೋದ ವರ್ಷ ಕೊಟ್ಟಿದ್ದೆನಲ್ಲ, ನೀಲಿ ಪುಸ್ತಕ. ಅದನ್ನ ನಾನು ಪೂರ್ತಿ ಓದಿಲ್ಲ."

ಅವರು ಕೈಯಲ್ಲಿದ್ದ ಹಾಲು ಅಳೆದು, ಬರೆದುಕೊಂಡು, ಪಾತ್ರೆ ವಾಪಸ್ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ಓದಿಲ್ವಾ?"

"ಅರವತ್ತನಾಲ್ಕನೇ ಪುಟದ ತನಕ. ಆಮೇಲೆ ನನಗೆ ಅರ್ಥ ಆಗಲಿಲ್ಲ."

"ಮತ್ತೆ ಸುಲಭ ಅಂತ ಬರೆದಿದ್ದು?"

"ಸುಳ್ಳು."

ನಾಗವೇಣಿಯವರ ಮುಖ ಕೆಂಪಾಯಿತು. "ಒಂದ್ ವರ್ಷ ಮೇಡಂ," ಎಂದರು. "ಒಂದ್ ವರ್ಷ ನನ್ ತಲೇಲಿ ಸಗಣಿ ತುಂಬೈತೆ ಅಂತ ಅಂದ್ಕೊಂಡು ಓಡಾಡ್ದೆ. ಹಾಲಿಗೆ ನೀರ್ ಹಾಕೋರ್ನ ದಿನಾ ಎರಡೊತ್ತು ಹಿಡೀತೀನಿ. ನಿಮ್ಮನ್ನ ಹಿಡೀಲಿಲ್ವಲ್ಲ ನಾನು!"

ಹಿಂದಿನಿಂದ ಅದೇ ತಾತ, "ನೋಡಮ್ಮ, ನಮ್ಮನ್ನ ಮಾತ್ರ ಬೈತಿದ್ದೆ," ಎಂದರು. ಯಾರೋ ನಕ್ಕರು. ನಾನು ನಗಲಿಲ್ಲ, ನಾಗವೇಣಿಯವರೂ ನಗಲಿಲ್ಲ. ಆದರೆ ನನ್ನ ಎದೆಯ ಮೇಲಿನ ಭಾರ ಆಗಲೇ ಇಳಿದಿತ್ತು. ಇನ್ನು ಅವರು ಏನು ಬೈದರೂ ಅದು ನನಗೆ ಸಲ್ಲಬೇಕಾದದ್ದೇ.

ಬೈಯಲಿಲ್ಲ. ಮುಂದಿನವರ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟವರು ಅದರ ಮೇಲೆ ಕಣ್ಣಿಟ್ಟುಕೊಂಡೇ ಕೇಳಿದರು: "ಎಷ್ಟನೇ ಪುಟ ಅಂದ್ರಿ?"

"ಅರವತ್ತನಾಲ್ಕು."

"ನಾನೂ ಅಲ್ಲೇ. ಯಾರಿಗಾದರೂ ಸ್ಪಷ್ಟ ಅಂತ ಬರೆದವ್ನೆ. ನಂಗೆ ಅಳೂನೇ ಬಂದ್ಬಿಡ್ತು."

"ನೀವು, ನಾನು ಅಷ್ಟೇ ಅಲ್ಲ. ಮುಳಬಾಗಿಲಲ್ಲಿ ಇಬ್ಬರು, ಶ್ರೀನಿವಾಸಪುರದಲ್ಲಿ ಒಬ್ಬರು. ಎಲ್ಲರೂ ಅಲ್ಲೇ."

ಅವರು ತಲೆಯೆತ್ತಿದರು. "ಐದ್ ಜನಾನೂ ಒಂದೇ ಪುಟಾನಾ?"

"ಹೌದು."

"ಐದ್ ಮನೆ ಹಾಲಿಗೂ ಒಂದೇ ಡಿಗ್ರಿ ಬಂದ್ರೆ ನಾವು ಹಾಲು ನೋಡಲ್ಲ ಮೇಡಂ. ಲ್ಯಾಕ್ಟೋಮೀಟರ್ ಕೆಟ್ಟೈತಾ ಅಂತ ನೋಡ್ತೀವಿ. ಎಲ್ಲಿ, ಕೊಡಿ ಪುಸ್ತಕ."

ಕ್ರೇಟಿನಿಂದ ತಂದುಕೊಟ್ಟೆ. ಅವರು ಸೆರಗಿಗೆ ಕೈ ಒರೆಸಿ, ಓದಲು ಹೋಗದೆ, ಪುಟದ ಮೂಲೆಯ ಅಂಕಿಗಳನ್ನು ಮಾತ್ರ ಬೆರಳಿಟ್ಟು ನೋಡುತ್ತ ಹೋದರು. ಅರವತ್ತೆರಡು. ಅರವತ್ತಮೂರು. ಅರವತ್ತನಾಲ್ಕು. ಬೆರಳು ನಿಂತಿತು.

"ಎಂಬತ್ತೊಂದು," ಎಂದರು.

ನಾನು ಬಗ್ಗಿ ನೋಡಿದೆ. ಅರವತ್ತನಾಲ್ಕರ ಎದುರಿಗೆ ಎಂಬತ್ತೊಂದು. ಮಧ್ಯದ ಹದಿನಾರು ಪುಟಗಳು ಇರಲೇ ಇಲ್ಲ. ಹೊಲಿಗೆ ಹಾಕುವಾಗ ಒಂದು ಕಂತೆ ಇಡಲು ಮರೆತಿದ್ದರು. ಕಿತ್ತ ಗುರುತಿಲ್ಲ, ಹರಿದ ಅಂಚಿಲ್ಲ. ಮೂರು ಹೆಜ್ಜೆಗಳಲ್ಲಿ ತೋರಿಸೋಣ ಎಂದ ವಾಕ್ಯ ಒಂದು ಪುಟದಲ್ಲಿ ಮುಗಿದು, ಸ್ಪಷ್ಟ ಎಂಬ ವಾಕ್ಯ ಇನ್ನೊಂದರಲ್ಲಿ ಶುರುವಾಗಿ, ನಡುವಿನ ಮೂರು ಹೆಜ್ಜೆಗಳು ಮುದ್ರಣಾಲಯದಲ್ಲೇ ಉಳಿದಿದ್ದವು. ನಾವು ಐದು ಜನ, ಅದರಲ್ಲಿ ಒಬ್ಬಳು ಎಂ.ಎ., ಪುಸ್ತಕವನ್ನು ಅನುಮಾನಿಸದೆ ನಮ್ಮನ್ನೇ ಅನುಮಾನಿಸಿದ್ದೆವು.

ನಾಗವೇಣಿಯವರಿಗೆ ಮೊದಲು ನಗು ಬಂತು. ಆಮೇಲೆ ನನಗೆ. ಮೇಜು ಹಿಡಿದುಕೊಂಡು ನಗುವಷ್ಟು. ಸಾಲಿನವರು, "ಹಾಲು ಅಳೀಯಮ್ಮ, ಹೊತ್ತಾಯ್ತು," ಎಂದು ಗೊಣಗಿದರು.

"ತಾಳಿ ತಾತಾ," ಎಂದು ನಾಗವೇಣಿ ಅರವತ್ತನಾಲ್ಕನೆಯ ಪುಟದ ಕೊನೆಯನ್ನು ಮತ್ತೆ ಓದಿದರು. "ಸರಿಸಂಖ್ಯೆನೂ ಎಲ್ಲಾ ಸಂಖ್ಯೆನೂ ಸಮ ಅಂತಾನೆ. ತೋರ್ಸೋ ಪುಟ ಇಲ್ಲ. ಇಲ್ದಿದ್ರೆ ಏನಂತೆ? ನಿಮ್ ಸಾಲು ಮುಗಿಯೋದೇ ಇಲ್ಲ ಅಂತ ಇಟ್ಕೊಳ್ಳಿ ತಾತ."

"ಮುಗೀದಿದ್ರೆ ನಾನು ಮನೇಗ್ ಹೋಗೋದ್ ಯಾವಾಗಮ್ಮ?"

"ಒಳಗೆ ಕ್ಯಾನುಗಳವೆ. ಅವೂ ಮುಗಿಯಲ್ಲ. ಕ್ಯಾನಿನ ಮೇಲೆ ಎರಡು, ನಾಕು, ಆರು ಅಂತ ಸರಿಸಂಖ್ಯೆ ಮಾತ್ರ ಬರೆದೈತೆ. ಮೊದಲ್ನೇ ಸದಸ್ಯ ಎರಡನೇ ನಂಬರ್ ಕ್ಯಾನಿಗೆ ಹಾಕ್ಲಿ. ಎರಡ್ನೇಯೋನು ನಾಕಕ್ಕೆ. ಮೂರ್ನೇಯೋನು ಆರಕ್ಕೆ. ನೂರ್ನೇಯೋನು?"

"ಇನ್ನೂರಕ್ಕೆ," ಎಂದರು ತಾತ.

"ಕ್ಯಾನ್ ಸಿಗದೆ ಯಾರಾದ್ರೂ ಉಳಿದ್ರಾ?"

"ಇಲ್ಲ."

"ಸದಸ್ಯ ಇಲ್ದೆ ಯಾವ್ದಾದ್ರೂ ಕ್ಯಾನ್ ಉಳೀತಾ?"

ತಾತ ಯೋಚಿಸಿದರು. "ಉಳಿಯಲ್ಲ."

"ಹಂಗಾದ್ರೆ ಎರಡೂ ಸಮ." ಅವರು ಪುಸ್ತಕ ಮುಚ್ಚಿದರು. ಆಮೇಲೆ ನನಗೆ ಮಾತ್ರ ಕೇಳುವಂತೆ, "ನಾಳೆ ಕೋಲಾರಕ್ಕೆ ಬರ್ತೀನಿ ಮೇಡಂ. ಅರ್ಜಿ ತುಂಬೋಕೆ ಬರ್ತೀರಾ ಜೊತೇಗೆ?" ಎಂದರು.

ಶುಕ್ರವಾರ ಮಧ್ಯಾಹ್ನ ಅರ್ಜಿ ಹೋಯಿತು, ಒಂದು ದಿನ ಇರುವಂತೆಯೇ. ಸೈಬರ್ ಅಂಗಡಿಯಿಂದ ಹೊರಗೆ ಬಂದು ಇಬ್ಬರೂ ಕಬ್ಬಿನ ಹಾಲು ಕುಡಿದೆವು.

ಸೋಮವಾರ ಮೇಷ್ಟ್ರ ಎದುರು ನಮ್ಮಲ್ಲಿದ್ದ ನೀಲಿ ಪುಸ್ತಕದ ಐದೂ ಪ್ರತಿಗಳನ್ನು ಅರವತ್ತನಾಲ್ಕನೆಯ ಪುಟಕ್ಕೆ ತೆರೆದಿಟ್ಟು ಎಲ್ಲವನ್ನೂ ಹೇಳಿದೆ, ನನ್ನ ಸುಳ್ಳನ್ನು ಸೇರಿಸಿ. ಐದರಲ್ಲೂ ಹದಿನಾರು ಪುಟ ಇರಲಿಲ್ಲ. ಕೆಲಸದಿಂದ ತೆಗೆಯಬಹುದು ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ತೆಗೆದರು. ಆ ಪುಸ್ತಕವನ್ನು ಪಟ್ಟಿಗೆ ಸೇರಿಸಿದ್ದು ಅವರೇ. ನಾಲ್ಕಾರು ಸಭೆಗಳಲ್ಲಿ ಅದನ್ನು ಹೊಗಳಿದ್ದರು.

"ನಾನು ಮೊದಲ ಐವತ್ತು ಪುಟ ಓದಿದ್ದೆ," ಎಂದರು. ಕನ್ನಡಕವನ್ನು ಮತ್ತೆ ಹಾಕಿಕೊಂಡು, "ಐವತ್ತೂ ಅಲ್ಲ," ಎಂದರು.

ಆಮೇಲೆ ಉಗುರಿನಿಂದ ಒಂದು ಪ್ರತಿಯ ಒಳರಟ್ಟಿನ ಚೀಟಿಯನ್ನು ಮೆಲ್ಲಗೆ ಕೆರೆದು ಕಿತ್ತರು. ನಾನು ಎರಡನೆಯದನ್ನು ತೆಗೆದುಕೊಂಡೆ. ಒಂದು ವಾರ ನಾವಿಬ್ಬರೂ ಕಚೇರಿಯಲ್ಲಿ ಕೂತು ಎಲ್ಲ ಪುಸ್ತಕಗಳಿಂದ ಸುಲಭ, ಮಧ್ಯಮ, ಕಠಿಣಗಳನ್ನು ಕಿತ್ತೆವು. ಅವರನ್ನು ಅಷ್ಟು ಹಗುರಾಗಿ ನಾನು ಎಂದೂ ಕಂಡಿರಲಿಲ್ಲ. ನಡುವೆ ಒಮ್ಮೆ ಸಿಳ್ಳೆ ಹಾಕಿದರು. ಪ್ರಕಾಶಕರಿಗೆ ಪತ್ರ ಬರೆದಾಗ ಪೂರ್ತಿ ಪುಟಗಳಿರುವ ಪ್ರತಿಗಳನ್ನು ಕಳಿಸಿಕೊಟ್ಟರು. ಅವುಗಳ ಅರವತ್ತೈದನೆಯ ಪುಟದಲ್ಲಿ ಮುಗಿಯದ ಸಾಲೊಂದು ಇತ್ತು, ಕುರ್ಚಿಗಳ ಮುಂದೆ ನಿಂತ ಅತಿಥಿಗಳದು. ನಾಗವೇಣಿಯವರು ಅದನ್ನು ಓದಿ, "ಕ್ಯಾನೇ ವಾಸಿ," ಎಂದರು.

ನನ್ನ ಜಾಗಕ್ಕೆ ಬರುವವರಿಗೆ ಇಷ್ಟು ಹೇಳಬೇಕು. ನೀವು ಓದದ ಪುಸ್ತಕವನ್ನೂ ಕೊಡಬೇಕಾಗುತ್ತದೆ. ಎಲ್ಲವನ್ನೂ ಓದಿ ಮುಗಿಸಿ ಕೊಡಲು ಯಾರಿಂದಲೂ ಆಗದು. "ನಾನು ಇದನ್ನು ಓದಿಲ್ಲ, ನೀವು ಓದಿ ಹೇಳಿ," ಎಂದು ಕೊಟ್ಟರೆ ಜನ ಇನ್ನೂ ಮುತುವರ್ಜಿಯಿಂದ ಓದುತ್ತಾರೆ. ಹೊಸ ಪುಸ್ತಕ ಬಂದ ದಿನ ಪುಟದ ಅಂಕಿಗಳನ್ನು ಒಮ್ಮೆ ನೋಡಿ. ಸುಲಭ ಎಂಬ ಪದವನ್ನು ಮಾತ್ರ ಯಾವ ಪುಸ್ತಕದ ಮೇಲೂ ಬರೆಯಬೇಡಿ. ಅರ್ಥವಾದವರಿಗೆ ಅದರಿಂದ ಏನೂ ಸಿಗುವುದಿಲ್ಲ, ಆಗದವರಿಂದ ಅದು ಬಹಳ ಕಿತ್ತುಕೊಳ್ಳುತ್ತದೆ.

ಕೊನೆಯ ಸುತ್ತಿನಲ್ಲಿ ವಕ್ಕಲೇರಿಗೆ ಹೋದಾಗ ನಾಗವೇಣಿಯವರ ಮೇಜಿನ ಮೇಲೆ ಹಾಲಿನ ಪುಸ್ತಕದ ಪಕ್ಕ ಎರಡನೇ ವರ್ಷದ ಬಿಎಸ್ಸಿಯ ಪಠ್ಯವಿತ್ತು, ಅದರ ಕೆಳಗೆ ನಮ್ಮ ನೀಲಿ ಪುಸ್ತಕ. ಅದನ್ನು ಅವರು ಮೂರನೆಯ ಸಲ ಒಯ್ದಿದ್ದರು, ಈ ಸಲ ಪ್ರತಿ ಸಾಲನ್ನೂ ಬರೆದು ನೋಡುತ್ತ. ಇನ್ನೊಂದು ಪ್ರತಿಯನ್ನು ನಾನೂ ಮೊದಲಿನಿಂದ ಓದುತ್ತಿದ್ದೆ.

"ಎಲ್ಲಿ ನಿಂತ್ರಿ?" ಎಂದೆ, ಅಭ್ಯಾಸಬಲದಿಂದ.

"ಮೊದ್ಲು ನೀವ್ ಹೇಳಿ ಮೇಡಂ. ಈ ಸಲ ನಿಜ ಹೇಳ್ಬೇಕು."

"ನೂರಾ ಮೂರು."

ಅವರು ತಮ್ಮ ಪುಟದ ಗುರುತು ನೋಡಿಕೊಂಡರು. ಒಂದು ಹಳೆಯ ಹಾಲಿನ ಚೀಟಿ, ತೊಂಬತ್ತೆಂಟರಲ್ಲಿ ಇತ್ತು.

"ಐದ್ ಪುಟ ಮುಂದಿದೀರ," ಎಂದರು. "ಅಲ್ಲೇ ಇರಿ. ಬರ್ತೀನಿ."